ಹಾಜರಿ ಪುಸ್ತಕಕ್ಕೆ ಹತ್ತದ ತಾಸುಗಳು

ಕಲಬುರಗಿಯ ಕೂಲಿ ನಾಕಾಗಳಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ನಡೆಯುವ ಚೌಕಾಸಿಯೆಲ್ಲ ಒಂದೇ ಅಂಕಿಯ ಸುತ್ತ: ಇವತ್ತಿನ ಹಾಜರಿ, ಅಂದರೆ ದಿನದ ಕೂಲಿ, ಎಷ್ಟು. ಗೌಂಡಿಗೆ (ಗಾರೆ ಕೆಲಸದವನಿಗೆ) ಇಷ್ಟು, ಬಿಗಾರಿಗೆ (ಕೈಯಾಳಿಗೆ) ಇಷ್ಟು, ಹೆಣ್ಣಾಳಿಗೆ ಇಷ್ಟು. ಆ ಹಾಜರಿ ಎಂದರೆ ಎಷ್ಟು ತಾಸು, ಕೆಲಸ ಎಷ್ಟಕ್ಕೆ ಸುರು, ಎಷ್ಟಕ್ಕೆ ಬಿಡುಗಡೆ, ಮಧ್ಯಾಹ್ನ ಉಸುಕು ಮುಗಿದರೆ ಯಾರ ಹೊರೆ? ಇದನ್ನು ಕೇಳುವವರೂ ಇಲ್ಲ, ಹೇಳುವ ಗುತ್ತೇದಾರರೂ ಇಲ್ಲ. ದುಡ್ಡು ಸೋರುವುದು ಅಲ್ಲೇ. ನುರಿತ ಗೌಂಡಿಯ ನಾಕಾ ದರ ಸಾಮಾನ್ಯವಾಗಿ ಸರ್ಕಾರದ ಕನಿಷ್ಠ ವೇತನದ ಆಸುಪಾಸಿಗೋ ಅದಕ್ಕಿಂತ ಮೇಲೋ ಇರುತ್ತದೆ. ಆದರೆ ವಾರದ ಕೊನೆಗೆ ಅವನ ಕೈಸೇರುವ ಮೊತ್ತವನ್ನು ಅವನು ಸೈಟಿನಲ್ಲಿ ನಿಂತ ತಾಸುಗಳಿಗೆ ಭಾಗಿಸಿ ನೋಡಿ, ಬೇರೆಯದೇ ದರ ಸಿಗುತ್ತದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕನಿಷ್ಠ ವೇತನ ಕಾಯ್ದೆ, ವೇತನ ಪಾವತಿ ಕಾಯ್ದೆ, ಸಮಾನ ಸಂಭಾವನೆ ಕಾಯ್ದೆಗಳು 2019ರ ವೇತನ ಸಂಹಿತೆಯೊಳಗೆ ಸೇರಿಕೊಂಡವು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಗಳಲ್ಲಿದ್ದ ಕೆಲಸದ ಸ್ಥಿತಿಗತಿಯ ಭಾಗ ಔದ್ಯೋಗಿಕ ಸುರಕ್ಷತಾ ಸಂಹಿತೆಗೂ, ಸೆಸ್ (ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡದ ವೆಚ್ಚದ ಮೇಲೆ ವಸೂಲಿ ಮಾಡುವ ಕರ) ಮತ್ತು ಕಲ್ಯಾಣದ ಭಾಗ ಸಾಮಾಜಿಕ ಭದ್ರತಾ ಸಂಹಿತೆಗೂ ಹಂಚಿಹೋಯಿತು. ಹೊಸ ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಹಳೆಯ ನಿಯಮಗಳೂ ಅಧಿಸೂಚನೆಗಳೂ ಮುಂದುವರಿಯುತ್ತವೆ. ಸಂಹಿತೆಗಳ ಬಗ್ಗೆ ಸಂಘಟನೆಗಳಿಗೆ ಇರುವ ತಕರಾರು ಸಣ್ಣದಲ್ಲ, ಅದನ್ನು ಮುಂದೆ ನೋಡೋಣ. ಮೊದಲು ತಾಸಿನ ಲೆಕ್ಕ.

ಸ್ಲ್ಯಾಬ್ ದಿನ

ಒಂದು ಸಾವಿರ ಚದರಡಿಯ ಮನೆ, ಐದು ಇಂಚಿನ ಸ್ಲ್ಯಾಬ್ ಎಂದುಕೊಳ್ಳಿ. ಬರೀ ಸ್ಲ್ಯಾಬಿಗೆ ಸುಮಾರು 11.8 ಘನ ಮೀಟರ್ ಕಾಂಕ್ರೀಟ್ ಬೇಕು, ಬೀಮ್ ಸೇರಿದರೆ 14ರ ಹತ್ತಿರ ಹೋಗುತ್ತದೆ. ಎಂ-20 ದರ್ಜೆಯ ಮಾಲಿಗೆ ಘನ ಮೀಟರಿಗೆ 8 ಚೀಲದಂತೆ 112 ಚೀಲ ಸಿಮೆಂಟ್. ಸಣ್ಣ ಮಿಕ್ಸರಿನಲ್ಲಿ ಒಂದು ಸಲಕ್ಕೆ ಒಂದೇ ಚೀಲದ ಮಾಲು. ಖಡಿ (ಜಲ್ಲಿ), ಉಸುಕು, ಸಿಮೆಂಟ್, ನೀರು ಹಾಕಿ ತಿರುಗಿಸಿ, ಸುರಿದು, ಲಿಫ್ಟಿಗೆ ಏರಿಸುವುದಕ್ಕೆ ಐದು ನಿಮಿಷ ಹಿಡಿದರೆ ತಾಸಿಗೆ 12 ಚೀಲ. 112 ಚೀಲಕ್ಕೆ 9 ತಾಸು 20 ನಿಮಿಷ. ಬೆಳಿಗ್ಗೆ ಮಿಕ್ಸರ್ ಹೂಡುವುದು, ಊಟದ ಅರ್ಧ ತಾಸು, ಸಂಜೆ ಮೇಲ್ಮೈ ಸಾಪು ಮಾಡಿ ಸಾಮಾನು ತೊಳೆದಿಡುವುದು ಎಲ್ಲ ಕೂಡಿದರೆ ಹನ್ನೆರಡು ತಾಸು ದಾಟುತ್ತದೆ. ಲಿಫ್ಟಿನ ಹಗ್ಗ ಹರಿದರೆ ಅಥವಾ ಕರೆಂಟ್ ಹೋದರೆ ಇನ್ನೂ ಹೆಚ್ಚು.

ನಡುವೆ ನಿಲ್ಲಿಸುವ ಹಾಗಿಲ್ಲ. ಮಾನಕದ ಪ್ರಕಾರ ಸಿಮೆಂಟ್ ಗಟ್ಟಿಯಾಗಲು ಸುರುವಾಗುವ ಕನಿಷ್ಠ ಅವಧಿ 30 ನಿಮಿಷ, ಬಿಸಿಲಿಗೆ ಅದು ಬೇಗ ಬಿಗಿಯುತ್ತದೆ. ಅರ್ಧ ಹಾಕಿದ ಕಾಂಕ್ರೀಟಿನ ಅಂಚು ಒಣಗಿದ ಮೇಲೆ ಹೊಸದು ಸುರಿದರೆ ಎರಡೂ ಬೆಸೆಯುವುದಿಲ್ಲ, ಮಳೆಗಾಲಕ್ಕೆ ಆ ಗೆರೆಗುಂಟ ನೀರು ಇಳಿಯುತ್ತದೆ. ಹಾಗಾಗಿ ಸ್ಲ್ಯಾಬ್ ದಿನದ ಹೆಚ್ಚುವರಿ ದುಡಿಮೆ ತಾಂತ್ರಿಕವಾಗಿ ಬೇಕೇ ಬೇಕು. ಆದರೆ ಅದು ಅಚಾನಕ್ ಬರುವಂಥದ್ದಲ್ಲ. ಚೀಲದ ಲೆಕ್ಕ ಗೊತ್ತಿರುವ ಯಾವ ಮೇಸ್ತ್ರಿಗೂ ಹಿಂದಿನ ದಿನವೇ ಗೊತ್ತಿರುತ್ತದೆ, ಈ ಕೆಲಸ ಎಂಟು ತಾಸಿಗೆ ಮುಗಿಯುವುದಿಲ್ಲ ಎಂದು.

ಇಲ್ಲಿ ರೂಢಿಯ ಹೆಸರು ದೀಡ್ (ಒಂದೂವರೆ) ಹಾಜರಿ. ದಿನಕ್ಕೆ 800 ರೂಪಾಯಿಯ ಗೌಂಡಿ ಹನ್ನೆರಡು ತಾಸು ದುಡಿದರೆ 1,200. ಕೇಳಲು ಉದಾರವಾಗಿದೆ, ಆದರೆ 800ನ್ನು ಎಂಟರಿಂದ ಭಾಗಿಸಿದರೆ ತಾಸಿಗೆ 100, ಹನ್ನೆರಡು ತಾಸಿಗೆ 1,200. ಹೆಚ್ಚುವರಿ ತಾಸಿಗೆ ಒಂದು ಪೈಸೆಯೂ ಹೆಚ್ಚುವರಿ ಇಲ್ಲ. ವೇತನ ಸಂಹಿತೆಯ 14ನೇ ಕಲಂ ಹೇಳುವುದು ಮಾಮೂಲಿ ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದಷ್ಟು. ಅಂದರೆ 800ರ ಮೇಲೆ ನಾಲ್ಕು ತಾಸಿಗೆ 200ರಂತೆ 800, ಒಟ್ಟು 1,600. ಹನ್ನೆರಡು ತಾಸಿಗೆ ಡಬಲ್ ಹಾಜರಿ ಎನ್ನುವುದು ಕಾನೂನು ಹೇಳುವ ಕನಿಷ್ಠ. ಗುತ್ತೇದಾರ ಅದನ್ನು ಬಕ್ಷೀಸಿನ ಹಾಗೆ ಕೊಡಬೇಕಾಗಿಲ್ಲ. ಸಂಜೆ ಮನೆ ಮಾಲೀಕರು ಹಾಕಿಸುವ ಊಟವನ್ನು ಇದಕ್ಕೆ ಜಮಾ ಹಿಡಿಯುವಂತಿಲ್ಲ. ಪಗಾರವನ್ನು ನಗದಿನಲ್ಲಿ ಇಲ್ಲವೇ ಬ್ಯಾಂಕಿನ ಮೂಲಕ ಕೊಡಬೇಕು, ಊಟ ಅದರೊಳಗೆ ಬರುವುದಿಲ್ಲ.

ಇದರಿಂದ ಮನೆ ಕಟ್ಟುವವರು ಮುಳುಗಿಹೋಗುತ್ತಾರೆಯೇ? ನಾಲ್ವರು ಗೌಂಡಿಗಳು 800ರಂತೆ, ಹದಿನಾರು ಬಿಗಾರಿಗಳು 500ರಂತೆ ಎಂದಿಟ್ಟುಕೊಳ್ಳಿ. ನಾಲ್ಕು ತಾಸಿನ ಹೆಚ್ಚುವರಿಗೆ ಒಂದು ಪಟ್ಟು ಕೊಟ್ಟರೆ 5,600 ರೂಪಾಯಿ, ಎರಡು ಪಟ್ಟು ಕೊಟ್ಟರೆ 11,200. ವ್ಯತ್ಯಾಸ 5,600. ಚೀಲಕ್ಕೆ 400 ಹಿಡಿದರೆ ಹದಿನಾಲ್ಕು ಚೀಲ ಸಿಮೆಂಟಿನ ಬೆಲೆ. 112 ಚೀಲ ಸುರಿಯುವ ಕೆಲಸದಲ್ಲಿ ಜಗಳ ನಡೆಯುವುದು ಇಷ್ಟಕ್ಕೆ.

ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸೈಟಿನಲ್ಲಿ ಸುರಕ್ಷತಾ ಸಂಹಿತೆ ದಿನಕ್ಕೆ ಎಂಟು ತಾಸಿನ ಮಿತಿ ಹಾಕುತ್ತದೆ. ಅದರ ಮೇಲಿನ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕು ಎಂದೂ ಬರೆದಿದೆ. ಕೇಂದ್ರದ 1998ರ ಕಟ್ಟಡ ಕಾರ್ಮಿಕ ನಿಯಮಗಳಲ್ಲಿ ದಿನಕ್ಕೆ ಒಂಬತ್ತು, ವಾರಕ್ಕೆ 48 ತಾಸು ಇತ್ತು. ಐದು ತಾಸಿನ ದುಡಿಮೆಗೆ ಕನಿಷ್ಠ ಅರ್ಧ ತಾಸು ವಿರಾಮ, ವಿರಾಮವೂ ಸೇರಿ ದಿನದ ಹರವು ಹನ್ನೆರಡು ತಾಸು ಮೀರಬಾರದು ಎಂಬುದೂ ಅಲ್ಲಿಯದೇ. ಈ ಹನ್ನೆರಡರ ಅಂಕಿಯನ್ನು ನೆನಪಿಡಿ, ಬೇಸಿಗೆಯಲ್ಲಿ ಬೇಕಾಗುತ್ತದೆ.

“ಮಾಲು ಬಂದಿಲ್ರಿ, ಅರ್ಧಾ ಹಾಜರಿ”

ಹೆಚ್ಚುವರಿ ತಾಸಿನ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಕಡಿಮೆ ತಾಸಿನ ಬಗ್ಗೆ ಗೊತ್ತಿರುವವರು ಕಡಿಮೆ. ಹನ್ನೊಂದಕ್ಕೆ ಇಟ್ಟಿಗೆ ಮುಗಿಯಿತು, ಟಿಪ್ಪರ್ ಬರಲಿಲ್ಲ, ನೀರಿನ ಟ್ಯಾಂಕರ್ ಕೈಕೊಟ್ಟಿತು ಎಂದರೆ ಅರ್ಧ ಹಾಜರಿ ಬರೆದು ಮನೆಗೆ ಕಳಿಸುವುದೇ ಪದ್ಧತಿ. ಅಷ್ಟು ಹೊತ್ತಿಗೆ ಬೇರೆ ಕೆಲಸ ಹುಡುಕುವ ನಾಕಾ ಮುಗಿದಿರುತ್ತದೆ. ಆಳಿನ ಮಟ್ಟಿಗೆ ಹೋಗುವುದು ಇಡೀ ದಿನ.

ವೇತನ ಸಂಹಿತೆಯ 10ನೇ ಕಲಂ ಇದನ್ನೇ ಹಿಡಿಯುತ್ತದೆ. ದಿನಗೂಲಿಯವನು ಕೆಲಸಕ್ಕಿಳಿದ ದಿನ ಪೂರ್ಣ ತಾಸು ಆಗದಿದ್ದರೂ ಪೂರ್ಣ ದಿನದ ಪಗಾರಕ್ಕೆ ಹಕ್ಕುದಾರ. ಅವನೇ ಒಲ್ಲೆನೆಂದು ಬಿಟ್ಟರೆ ಇಲ್ಲ, ಮಾಲೀಕ ಕೆಲಸ ಒದಗಿಸದೆ ಹೋದರೆ ಉಂಟು. ಕನಿಷ್ಠ ವೇತನ ಕಾಯ್ದೆಯ 15ನೇ ಕಲಮಿನಲ್ಲೂ ಇದೇ ಇತ್ತು, ಅಂದರೆ 1948ರಿಂದಲೂ ಇದೆ. ನಿಯಮಗಳಲ್ಲಿ ಬೇರೆ ವಿನಾಯಿತಿ ಸೇರಿಸಲು ಸರ್ಕಾರಕ್ಕೆ ಅಧಿಕಾರವಿದೆ. ಮಳೆಯ ವಿಷಯದಲ್ಲಿ ವಾದಕ್ಕೆ ಜಾಗವಿದೆ, ಏಕೆಂದರೆ ಮಳೆ ಮಾಲೀಕನ ತಪ್ಪಲ್ಲ, ಆಳಿನ ಮೊಂಡುತನವೂ ಅಲ್ಲ. ಇಟ್ಟಿಗೆ, ಉಸುಕು, ನೀರು, ಡೀಸೆಲ್ ವಿಷಯದಲ್ಲಿ ವಾದವೇ ಇಲ್ಲ. ಆದರೆ ಒಂದು ಷರತ್ತು: ಆ ದಿನ ಕೆಲಸ ಸುರುವಾಗಿರಬೇಕು. ಸೈಟಿಗೆ ಕರೆಸಿ, ಬುಟ್ಟಿ ಎತ್ತುವ ಮುಂಚೆಯೇ ವಾಪಸ್ ಕಳಿಸಿದವರಿಗೆ ಈ ಕಲಂ ಆಸರೆಯಾಗುವುದು ಕಷ್ಟ. ಆ ಕಂಡಿಯನ್ನು ಸಂಘದ ಒಪ್ಪಂದವೇ ಮುಚ್ಚಬೇಕು. ಕರೆದ ಹೊತ್ತಿಗೆ ಬಂದು ಹೆಸರು ಬರೆಸಿದರೆ ಇಷ್ಟು ಎಂದು ಮೊದಲೇ ನಿಗದಿಯಾಗಿರಬೇಕು.

ರೆಡಿಮಿಕ್ಸ್ ಬಂದಮೇಲೆ ಈ ಸಮಸ್ಯೆ ಹೊಸ ವೇಷ ತೊಟ್ಟಿದೆ. ಪಂಪ್ ಹಚ್ಚಿದರೆ ಒಂಬತ್ತು ತಾಸಿನ ಸ್ಲ್ಯಾಬ್ ಮೂರ್ನಾಲ್ಕು ತಾಸಿಗೆ ಮುಗಿಯುತ್ತದೆ, ಆದರೆ ಗಾಡಿ ಯಾವಾಗ ಬರುತ್ತದೆಂದು ಸೈಟಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎಂಟಕ್ಕೆಂದು ಹೇಳಿದ್ದು ಹನ್ನೆರಡಕ್ಕೆ ಬರುತ್ತದೆ. ನಾಲ್ಕು ತಾಸು ಕಾದು, ನಾಲ್ಕು ತಾಸು ದುಡಿದವರಿಗೆ “ನಾಕ ತಾಸಿಂದೇ ಕೆಲಸ ಆತಲ್ಲಪಾ” ಎಂಬ ಮಾತು. ಕಾದದ್ದೂ ಗುತ್ತೇದಾರನ ಆಜ್ಞೆಯ ಮೇಲೆ, ಬೇರೆಡೆ ಹೋಗುವ ಸ್ವಾತಂತ್ರ್ಯ ಇಲ್ಲದೆ. ಆ ಹೊತ್ತು ಹಾಜರಿ ಪುಸ್ತಕಕ್ಕೆ ಹತ್ತಬೇಕು.

ಗುತ್ತಿಗೆ ದರದ ಕೆಲಸದಲ್ಲೂ ಇದೇ ಕಥೆ. ಪ್ಲಾಸ್ಟರ್, ಫರಸಿ ಹಾಸುವುದು, ಸೆಂಟ್ರಿಂಗ್ ಎಲ್ಲ ಇಲ್ಲಿ ಬ್ರಾಸ್ (ನೂರು ಚದರಡಿ) ಅಥವಾ ಚದರಡಿ ಲೆಕ್ಕದಲ್ಲಿ ನಡೆಯುತ್ತವೆ. ವೇಗದ ಕೈಯವರಿಗೆ ಲಾಭ, ನಿಜ. ಆದರೆ ಶಹಾಬಾದ್ ಕಲ್ಲು ಒಂದೇ ದಪ್ಪದ್ದು ಬರದಿದ್ದರೆ ಪ್ರತಿ ಕಲ್ಲಿಗೂ ಮಾಲಿನ ಹದ ಬದಲಿಸಬೇಕು, ಚದರಡಿ ಅರ್ಧಕ್ಕಿಳಿಯುತ್ತದೆ. ಕಲ್ಲು ಆರಿಸಿ ತಂದವನು ಗುತ್ತೇದಾರ, ನಷ್ಟ ಮಾತ್ರ ಫರಸಿ ಗೌಂಡಿಗೆ. 12ನೇ ಕಲಂ ಪ್ರಕಾರ ಅಳತೆ ಲೆಕ್ಕದಲ್ಲಿ ದುಡಿದವನಿಗೂ ಆ ಸಮಯಕ್ಕೆ ನಿಗದಿಯಾದ ಕನಿಷ್ಠ ವೇತನಕ್ಕಿಂತ ಕಡಿಮೆ ಬೀಳಬಾರದು. ಅದಕ್ಕೇ ಅಳತೆ ಕೆಲಸಕ್ಕೂ ತಾಸು ಬರೆದಿಡಬೇಕು. ಚದರಡಿ ಮಾತ್ರ ಬರೆದ ಪುಸ್ತಕದಿಂದ ಈ ಹಕ್ಕು ಸಾಬೀತಾಗುವುದಿಲ್ಲ.

ಹೆಣ್ಣಾಳಿನ ದರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ನೇರ ಅನ್ಯಾಯ ಅದು. ಅದೇ ಬುಟ್ಟಿ, ಅದೇ ಏಣಿ, ಬೇರೆ ಪಗಾರ. ಒಂದೇ ಅಥವಾ ಒಂದೇ ಬಗೆಯ ಕೆಲಸಕ್ಕೆ ಲಿಂಗ ನೋಡಿ ವ್ಯತ್ಯಾಸ ಮಾಡಬಾರದೆಂದು 3ನೇ ಕಲಂ ಹೇಳುತ್ತದೆ. ಕನಿಷ್ಠ ವೇತನದ ಅಧಿಸೂಚನೆಯಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗಗಳಿವೆ, ಗಂಡು ಹೆಣ್ಣು ಎಂಬ ವರ್ಗ ಇಲ್ಲ.

ಬಿಸಿಲಿನ ವೇಳಾಪಟ್ಟಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ವರ್ಷಗಳಿಂದ ಬಂದ ಪದ್ಧತಿ. ಉದ್ಯೋಗ ಖಾತ್ರಿಯಲ್ಲೂ ಬೇಸಿಗೆಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡುತ್ತಾ ಬಂದಿದ್ದಾರೆ. ಕಾಂಕ್ರೀಟಿಗೂ ಒಂದು ಅಂಕಿ ಇದೆ: ಗಾಳಿಯ ಉಷ್ಣತೆ 40 ಡಿಗ್ರಿ ದಾಟಿದರೆ ಅದನ್ನು ಬಿಸಿ ಹವೆಯ ಕಾಂಕ್ರೀಟ್ ಎಂದು ಪರಿಗಣಿಸಿ ಖಡಿಗೆ ನೆರಳು ಮಾಡಿ, ತಣ್ಣನೆ ನೀರು ಬಳಸಿ ಎಂದು ಭಾರತೀಯ ಮಾನಕ ಐಎಸ್ 7861 ಹೇಳುತ್ತದೆ. ಖಡಿಗೆ ನೆರಳು ಮಾಡಬೇಕಾದ ಡಿಗ್ರಿ ಬರೆದಿದೆ. ಅದೇ ಖಡಿ ಹೊತ್ತು ನಿಂತವಳನ್ನು ಯಾವ ಡಿಗ್ರಿಗೆ ನೆರಳಿಗೆ ಕಳಿಸಬೇಕೆಂದು ವೇತನ ಸಂಹಿತೆಯಲ್ಲೂ ಇಲ್ಲ, ಸುರಕ್ಷತಾ ಸಂಹಿತೆಯಲ್ಲೂ ಇಲ್ಲ.

ಸಾಮಾನ್ಯವಾಗಿ ಬರುವ ಸಲಹೆ ಎಂದರೆ ದಿನವನ್ನು ಎರಡು ಹೋಳು ಮಾಡಿ: ಬೆಳಿಗ್ಗೆ 6ರಿಂದ 11, ಮತ್ತೆ ಸಂಜೆ 4ರಿಂದ 7. ಕಾಗದದ ಮೇಲೆ ಎಂಟು ತಾಸು ಸರಿಹೋಗುತ್ತದೆ. ಆದರೆ 6ರಿಂದ 7ರವರೆಗಿನ ಹರವು ಹದಿಮೂರು ತಾಸು, ಹನ್ನೆರಡರ ಮಿತಿಯ ಆಚೆ. ಸಂಜೆ ಪಾಳಿಯನ್ನು 3ಕ್ಕೆ ಎಳೆದರೆ ಮಿತಿಗೆ ಕೂಡುತ್ತದೆ, ಆದರೆ ಕಲಬುರಗಿಯ ಮೇ ತಿಂಗಳ ಮೂರು ಗಂಟೆ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಇನ್ನೊಂದು ತೊಡಕು ಹಾದಿಯದು. ಆಳಂದ, ಜೇವರ್ಗಿ, ಅಫಜಲಪುರ ದಾರಿಯ ಹಳ್ಳಿಗಳಿಂದ ಬಸ್ಸು, ಟಂಟಂ ಹಿಡಿದು ಬರುವವರು ನಡುವಿನ ನಾಲ್ಕೈದು ತಾಸಿಗೆ ಮನೆಗೆ ಹೋಗಿ ಬರಲಾರರು. ಅರ್ಧ ಕಟ್ಟಿದ ಮನೆಯ ನೆರಳೇ ಗತಿ, ಆ ಹೊತ್ತಿಗೆ ಪಗಾರವೂ ಇಲ್ಲ. ಹೆಣ್ಣಾಳುಗಳಿಗೆ ಸಂಜೆ ಏಳರ ಮೇಲೆ ಊರು ಮುಟ್ಟಿ ರೊಟ್ಟಿ ಬಡಿಯುವ ಕೆಲಸ ಬಾಕಿ ಇರುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಒಂದೇ ಪಾಳಿ ಮೇಲು: 6ರಿಂದ 1.30, ನಡುವೆ ಹತ್ತಕ್ಕೆ ಅರ್ಧ ತಾಸು ಊಟ. ದುಡಿಮೆ ಏಳು ತಾಸು, ಹಾಜರಿ ಪೂರ್ತಿ. ಒಂದು ತಾಸು ಹೋಯಿತೆಂದು ಗುತ್ತೇದಾರ ತಕರಾರು ತೆಗೆದರೆ, ಮಧ್ಯಾಹ್ನ 2ರಿಂದ 4ರ ನಡುವೆ ಗೋಡೆ ಎಷ್ಟು ಏರುತ್ತದೆಂದು ಒಂದು ವಾರ ಅಳೆದು ನೋಡಲಿ. ಆ ಬಿಸಿಲಿಗೆ ಹಚ್ಚಿದ ಪ್ಲಾಸ್ಟರ್ ನೀರು ಕಳೆದುಕೊಂಡು ಸೀಳುತ್ತದೆ, ಮರುದಿನ ಕೆರೆದು ಮತ್ತೆ ಹಚ್ಚುವ ಖರ್ಚು ಅವನದೇ. ಆರಕ್ಕೆ ಸುರು ಮಾಡಬೇಕಾದರೆ ಮೊದಲ ಬಸ್ಸಿಗೆ ಬರುವವರು ತಲುಪಲಾರರು, ಅಂಥ ಸೈಟಿಗೆ ಗಾಡಿ ವ್ಯವಸ್ಥೆ ಗುತ್ತೇದಾರನ ಪಾಲಿಗೆ ಬರಬೇಕು. ಸ್ಲ್ಯಾಬನ್ನು ಈ ಎರಡು ತಿಂಗಳು ಸಂಜೆ ಸುರು ಮಾಡಿ ರಾತ್ರಿ ಮುಗಿಸುವುದು ಕಾಂಕ್ರೀಟಿಗೂ ಒಳ್ಳೆಯದು. ಆದರೆ ಹೆಂಗಸರನ್ನು ಸಂಜೆ ಏಳರ ಮೇಲೆ ದುಡಿಸಲು ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಟೂ ಬೇಕು.

ಬಿಲ್ ಆಗಿಲ್ಲ ಎಂಬ ನೆಪ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಶಾಲಾ ಕೋಣೆ, ರಸ್ತೆ, ಭವನಗಳ ಕೆಲಸ ಏಳೂ ಜಿಲ್ಲೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಇಲಾಖೆಯಿಂದ ಮುಖ್ಯ ಗುತ್ತೇದಾರ, ಅವನಿಂದ ತುಂಡು ಗುತ್ತೇದಾರ, ಅವನಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಆಳು. ಮೇಲೆ ಬಿಲ್ ತಡವಾದರೆ ಕೆಳಗೆ ಬಟವಾಡೆ ನಿಲ್ಲುತ್ತದೆ. ಸಾಮಾನಿನ ಅಂಗಡಿಯವನು ಉದ್ದರಿ ಕೊಡುತ್ತಾನೆ, ಅದಕ್ಕೆ ಬಡ್ಡಿಯನ್ನೂ ಹಾಕುತ್ತಾನೆ. ಬಡ್ಡಿಯಿಲ್ಲದ ಉದ್ದರಿ ಕೊಡುವವನು ಬಿಗಾರಿ ಒಬ್ಬನೇ.

ವೇತನ ಸಂಹಿತೆಯ 17ನೇ ಕಲಮಿಗೆ ಬಿಲ್ಲಿನ ಸಂಬಂಧ ಇಲ್ಲ. ದಿನಗೂಲಿಯಾದರೆ ಪಾಳಿ ಮುಗಿದಾಗ, ವಾರದ ಲೆಕ್ಕವಾದರೆ ವಾರದ ರಜೆಗೆ ಮುಂಚಿನ ಕೊನೆಯ ದಿನ, ಹದಿನೈದು ದಿನದ್ದಾದರೆ ಅವಧಿ ಮುಗಿದ ಎರಡನೇ ದಿನದೊಳಗೆ, ತಿಂಗಳಿನದಾದರೆ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ. ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಬೇಕು. ಆಳು ಓಡಿಹೋಗದಿರಲೆಂದು ಒಂದು ವಾರದ ಪಗಾರ ಹಿಡಿದಿಟ್ಟುಕೊಳ್ಳುವ ಚಾಳಿಗೆ ಇಲ್ಲಿ ಜಾಗವೇ ಇಲ್ಲ. ಗುತ್ತೇದಾರ ಕೊಡದಿದ್ದರೆ ಆ ಕೆಲಸ ನಡೆಯುವ ಸಂಸ್ಥೆಯ ಒಡೆತನದವರೇ ಹೊಣೆ ಎಂದು 43ನೇ ಕಲಂ ಹೇಳುತ್ತದೆ. ಉಚಲ (ಮುಂಗಡ) ಕೊಟ್ಟಿದ್ದರೆ ಮುರಿದುಕೊಳ್ಳಬಹುದು, ಆದರೆ ಎಲ್ಲ ಕಡಿತ ಸೇರಿ ಆ ಅವಧಿಯ ಪಗಾರದ ಅರ್ಧ ಮೀರಬಾರದು. ಉಚಲದ ಹೆಸರಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಂಡರೆ ವಿಷಯ 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಗೆ ಹೋಗುತ್ತದೆ. ದೆಹಲಿ ಏಷ್ಯಾಡ್ ಕಟ್ಟಡ ಕಾರ್ಮಿಕರ 1982ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೇ ಬಲವಂತದ ದುಡಿಮೆ ಎಂದಿತ್ತು. ಯಾದಗಿರಿಯ ತಾಂಡಾಗಳಿಂದ ಉಚಲ ಪಡೆದು ಬೆಂಗಳೂರಿಗೆ ಹೋಗುವ ಕುಟುಂಬಗಳಿಗೆ ಇದು ನೇರ ತಾಗುವ ಮಾತು. ಅವರು ಅಂತರರಾಜ್ಯ ವಲಸಿಗರ ಲೆಕ್ಕಕ್ಕೆ ಬರುವುದಿಲ್ಲ. ಹೈದರಾಬಾದಿಗೋ ಪುಣೆಗೋ ಹೋದವರು ಮಾತ್ರ ಬರುತ್ತಾರೆ.

ಸ್ವಂತ ಮನೆಯ ಕೆಲಸದಲ್ಲಿ ಹಿಡಿತ ಸಡಿಲ. ಅಲ್ಲಿ ಕೆಲಸಕ್ಕಿಟ್ಟುಕೊಂಡ ಮಾಲೀಕ ಎಂದರೆ ಬಹುಮಟ್ಟಿಗೆ ಮೇಸ್ತ್ರಿಯೇ. ಜೊತೆಗೆ ಸೆಸ್ ವಿನಾಯಿತಿಯ ಮಿತಿ ಸ್ವಂತ ವಾಸದ ಮನೆಗೆ 10 ಲಕ್ಷದಿಂದ 50 ಲಕ್ಷಕ್ಕೆ ಏರಿದೆ. ಬೀದರ್, ಯಾದಗಿರಿಯಂಥ ಊರುಗಳಲ್ಲಿ ಕಟ್ಟುವ ಮನೆಗಳಲ್ಲಿ 50 ಲಕ್ಷ ದಾಟುವುದು ಎಷ್ಟು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರುವ ಹಣದ ಒಂದು ಒರತೆ ಇದರಿಂದ ಬತ್ತುತ್ತದೆ.

ಸಂಘ ಏನು ಮಾಡಬಹುದು

ಕಟ್ಟಡ ಕಾರ್ಮಿಕರ ಸಂಘ ಎಂದರೆ ಈಗ ಬಹಳ ಜನರ ಮನಸ್ಸಿನಲ್ಲಿ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿಕೊಡುವ ಜಾಗ. ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ, ನೋಂದಣಿ, ನವೀಕರಣ, ಸಹಾಯಧನದ ಅರ್ಜಿ. ಬೇಕಾದ ಕೆಲಸವೇ. ಆದರೆ ಕಾರ್ಡಿಗೂ ಪಗಾರಕ್ಕೂ ಸಂಬಂಧ ಇಲ್ಲ, ಕಾರ್ಡ್ ಇಲ್ಲದವನಿಗೂ ಮೇಲೆ ಹೇಳಿದ ಹಕ್ಕುಗಳೆಲ್ಲ ಇವೆ.

ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಈ ವಲಯಕ್ಕೆ ಹೊಂದದ ಅಂಗಿ. ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಏಕೈಕ ಮಾತುಕತೆಯ ಸಂಘವಾಗಲು ಮಸ್ಟರ್ ರೋಲಿನ (ಹಾಜರಿ ಪಟ್ಟಿಯ) ಶೇ 51ರಷ್ಟು ಕಾರ್ಮಿಕರ ಬೆಂಬಲ ಬೇಕು. ತಿಂಗಳಿಗೊಮ್ಮೆ ಆಳು ಬದಲಾಗುವ, ಮಸ್ಟರ್ ರೋಲೇ ಇಲ್ಲದ ಸೈಟಿನಲ್ಲಿ ಶೇ 51 ಯಾರದು? ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು, ಅಷ್ಟರಲ್ಲಿ ಆ ಹಂತದ ಕೆಲಸವೇ ಮುಗಿದಿರುತ್ತದೆ. ಅರ್ಧದಷ್ಟು ಅಥವಾ ಹೆಚ್ಚು ಜನ ಕೂಡಿ ರಜೆ ಹಾಕಿದರೆ ಅದೂ ಮುಷ್ಕರವೇ.

ಹಾಗಾಗಿ ಸೈಟಿಗೊಂದರಂತಲ್ಲದೆ ಊರಿಗೊಂದು ಒಪ್ಪಂದ ಮಾಡುವುದೇ ದಾರಿ. ಸಮಯವೂ ಮುಖ್ಯ. ತೊಗರಿ ರಾಶಿಯ ಹೊತ್ತಿಗೆ, ಎಳ್ಳ ಅಮವಾಸ್ಯೆಯ ಆಚೀಚೆ, ಆಳು ಸಿಗದೆ ಗುತ್ತೇದಾರರು ಹಳ್ಳಿಗೇ ಗಾಡಿ ಕಳಿಸುತ್ತಾರೆ. ಮಾತಿಗೆ ಬೆಲೆ ಇರುವುದು ಆಗ, ಜೂನಿನಲ್ಲಲ್ಲ. ಒಪ್ಪಂದದಲ್ಲಿ ದರದ ಸಾಲು ಒಂದಿದ್ದರೆ ತಾಸಿನ ಸಾಲು ಐದಿರಲಿ: ಸುರು ಮತ್ತು ಬಿಡುಗಡೆಯ ಹೊತ್ತು, ಎಂಟರ ಮೇಲೆ ತಾಸಿಗೆ ಎಷ್ಟು, ಮಾಲು ಬರದಿದ್ದರೆ ಏನು, ಬೇಸಿಗೆಯ ಪಾಳಿ, ಬಟವಾಡೆಯ ವಾರ. ದರದ ಚೌಕಾಸಿಗೆ ಲೋಕೋಪಯೋಗಿ ಇಲಾಖೆಯ ಎಸ್‌ಆರ್ (ದರಪಟ್ಟಿ) ಪುಸ್ತಕ ಕೈಯಲ್ಲಿರಲಿ. ಗೌಂಡಿ, ಮಜ್ದೂರರಿಗೆ ಅಂದಾಜಿನಲ್ಲಿ ಹಿಡಿದ ದರ ಅದರಲ್ಲಿರುತ್ತದೆ. ಅದು ಕನಿಷ್ಠ ವೇತನವಲ್ಲ, ಆದರೆ ಗುತ್ತೇದಾರ ಸರ್ಕಾರದಿಂದ ಆಳಿನ ಹೆಸರಲ್ಲಿ ಎಷ್ಟು ಪಡೆಯುತ್ತಾನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹಳೆಯ ಪಟ್ಟಿ ಹಿಡಿದು ಕೂಡಬಾರದು.

ಇನ್ನು ಪುಸ್ತಕದ ಮಾತು. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ತಾರೀಖು, ಸೈಟು, ಬಂದ ಹೊತ್ತು, ಬಿಟ್ಟ ಹೊತ್ತು, ಕಾದ ತಾಸು ಮತ್ತು ಕಾರಣ, ಮಾಡಿದ ಕೆಲಸ, ಬಂದ ದುಡ್ಡು. “ಅರ್ಧ” ಎಂದು ಬರೆಯಬೇಡಿ, “11.10ಕ್ಕೆ ಇಟ್ಟಿಗೆ ಮುಗಿಯಿತು, ಬಿಟ್ಟರು” ಎಂದು ಬರೆಯಿರಿ. ಮೇಸ್ತ್ರಿ ಸಹಿ ಹಾಕದಿದ್ದರೆ ಸಂಜೆ ಆ ಪುಟದ ಫೋಟೊ ತೆಗೆದು ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ತಾರೀಖು ತಾನೇ ದಾಖಲಾಗುತ್ತದೆ. ನಾಳೆ ಎಷ್ಟಕ್ಕೆ ಬರಬೇಕೆಂದು ಮೇಸ್ತ್ರಿ ಕಳಿಸಿದ ಧ್ವನಿ ಸಂದೇಶ ಅಳಿಸಬೇಡಿ. ಫೋನ್‌ಪೇಯಲ್ಲಿ ಬಂದ ಉಚಲವನ್ನೂ ಬರೆಯಿರಿ, ನಿಮಗೆ ವಿರುದ್ಧವಾದ ಅಂಕಿಯೂ ಇರುವ ಪುಸ್ತಕವನ್ನು ಅಧಿಕಾರಿ ನಂಬುತ್ತಾರೆ.

ಬಾಕಿ ಉಳಿದರೆ ಮೊದಲು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಂತರ ವೇತನ ಸಂಹಿತೆಯ 45ನೇ ಕಲಮಿನಡಿ ಕ್ಲೇಮ್ ಅರ್ಜಿ. ಅದನ್ನು ಕಾರ್ಮಿಕನೇ ಹಾಕಬೇಕೆಂದಿಲ್ಲ, ಅವನು ಸದಸ್ಯನಾಗಿರುವ ನೋಂದಾಯಿತ ಸಂಘ ಹಾಕಬಹುದು, ಇಪ್ಪತ್ತು ಜನರದ್ದನ್ನು ಒಂದೇ ಅರ್ಜಿಯಲ್ಲಿ ಸೇರಿಸಬಹುದು. ನಾಳೆ ಮತ್ತೆ ಅದೇ ಮೇಸ್ತ್ರಿಯ ಬಳಿ ಹೋಗಬೇಕಾದ ಬಿಗಾರಿಗೆ ಇದು ದೊಡ್ಡ ಆಸರೆ. ಅವಧಿ ಮೂರು ವರ್ಷ. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಇದೆ. ದುಡಿದದ್ದನ್ನು ತೋರಿಸುವುದು ಕಾರ್ಮಿಕನ ಕೆಲಸ, ಕೊಟ್ಟದ್ದನ್ನು ಸಾಬೀತುಪಡಿಸುವ ಭಾರವನ್ನು 59ನೇ ಕಲಂ ಮಾಲೀಕನ ಮೇಲೆ ಹೊರಿಸಿದೆ. ಅರ್ಜಿಯಲ್ಲಿ ಮೇಸ್ತ್ರಿಯೊಬ್ಬನ ಹೆಸರು ಬರೆದು ಕೈತೊಳೆದುಕೊಳ್ಳುವುದು ಸಾಮಾನ್ಯ ತಪ್ಪು. ಅವನ ಬಳಿ ವಸೂಲಿಗೆ ಆಸ್ತಿ ಇರುವುದಿಲ್ಲ. ಸರ್ಕಾರಿ ಕೆಲಸವಾದರೆ ಸೈಟಿನ ಫಲಕದ ಫೋಟೊ ಮೊದಲ ದಿನವೇ ತೆಗೆದಿಡಿ. ಕಾಮಗಾರಿಯ ಹೆಸರು, ಇಲಾಖೆ, ಮುಖ್ಯ ಗುತ್ತೇದಾರನ ಹೆಸರು ಅದರಲ್ಲಿರುತ್ತದೆ, ಅರ್ಜಿಯಲ್ಲಿ ಆ ಮೂರೂ ಬರಬೇಕು.